ಅಪ್ಪನಿಗೆ ಗಾಳಿ ಗಿರಣಿ, ಅಮ್ಮನಿಗೆ ಬೆಕ್ಕು

ಚಳ್ಳಕೆರೆಯ ನಮ್ಮ ಮನೆ ಪಡಸಾಲೆ ಗೋಡೆ ಮೇಲೆ ನಾಯಕನಹಟ್ಟಿ ತಿಪ್ಪೇಸ್ವಾಮಿ ಫೋಟೊ, ತಾತನ ಫೋಟೊ, ಎಣ್ಣೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇವೆ. ಒಂದೂವರೆ ವರ್ಷದಿಂದ ಇವುಗಳ ಪಕ್ಕಕ್ಕೆ ಎರಡು ನೀಲಿ ಪಿಂಗಾಣಿ ತಟ್ಟೆಗಳೂ ಸೇರಿಕೊಂಡಿವೆ. ಮನೆಗೆ ಬಂದವರೆಲ್ಲ ಕೇಳೋದು ಒಂದೇ ಮಾತು. "ತಟ್ಟೇನ ಯಾಕೆ ಗೋಡೆಗೆ ನೇತು ಹಾಕಿದೀರಿ? ಊಟಕ್ಕೆ ಬರಲ್ವಾ?" ಅಮ್ಮನ ಉತ್ತರವೂ ಒಂದೇ. "ಬರುತ್ತೆ. ಆದ್ರೆ ಮುದ್ದೆ ಹಿಡಿಸಲ್ಲ."

ನಿಜ, ಅಡ್ಡಗಲ ಹದಿನೆಂಟು ಸೆಂಟಿಮೀಟರ್ ಅಷ್ಟೇ. ಮುದ್ದೆ ಇಟ್ಟರೆ ಸಾರಿಗೆ ಜಾಗ ಇರಲ್ಲ.

ಇವು ಡೆನ್ಮಾರ್ಕಿನ ಕ್ರಿಸ್ಮಸ್ ತಟ್ಟೆಗಳು. ಪ್ರತಿ ವರ್ಷ ಹೊಸ ಚಿತ್ರ, ಅದರ ಕೆಳಗೆ ಆ ವರ್ಷದ ಇಸವಿ. ವರ್ಷ ಮುಗಿದ ಮೇಲೆ ಅಚ್ಚನ್ನೇ ಒಡೆದು ಹಾಕ್ತಾರೆ, ಅದೇ ತಟ್ಟೆ ಮತ್ತೆ ಹುಟ್ಟೋದಿಲ್ಲ. ಇದನ್ನು ಶುರು ಮಾಡಿದ್ದು ಬಿಂಗ್ ಅಂಡ್ ಗ್ರೋಂಡಾಲ್ ಅನ್ನೋ ಕಾರ್ಖಾನೆ, 1895ರಲ್ಲಿ. ಹಿಮಗಟ್ಟಿದ ಕಿಟಕಿಯ ಆಚೆ ಕಾಣುವ ಕೋಪನ್‌ಹೇಗನ್ ನಗರದ ಗೋಪುರಗಳು, ಅದೇ ಮೊದಲ ತಟ್ಟೆಯ ಚಿತ್ರ. ಬರೆದವರು ಫ್ರಾನ್ಸ್ ಆಗಸ್ಟ್ ಹಾಲಿನ್. ಆ ವರ್ಷ ಮಾಡಿದ್ದು ಸುಮಾರು ನಾನೂರು ತಟ್ಟೆ ಮಾತ್ರ ಅಂತ ಸಂಗ್ರಹಕಾರರು ಹೇಳ್ತಾರೆ. ಅದಕ್ಕೇ ಈಗ ಅದರ ಬೆಲೆ ನಮ್ಮಂಥವರ ಕೈಗೆ ಎಟುಕೋದಲ್ಲ. 1775ರಷ್ಟು ಹಳೆಯ ಇನ್ನೊಂದು ಕಾರ್ಖಾನೆ ರಾಯಲ್ ಕೋಪನ್‌ಹೇಗನ್ ತನ್ನದೇ ಸರಣಿಯನ್ನು 1908ರಲ್ಲಿ ಆರಂಭಿಸಿತು. 1987ರಲ್ಲಿ ಎರಡೂ ಒಂದಾದವು. ಎರಡೂ ಸರಣಿಗಳು ಇವತ್ತಿಗೂ ನಡೀತಿವೆ. 1940ರಿಂದ 1945ರವರೆಗೆ ದೇಶ ಜರ್ಮನ್ನರ ಕೈಯಲ್ಲಿತ್ತು, ಆಗಲೂ ಒಂದು ವರ್ಷವೂ ತಟ್ಟೆ ತಪ್ಪಲಿಲ್ಲ.

ನನಗೆ ಇದೆಲ್ಲ ಗೊತ್ತಾಗಿದ್ದು ಬಾಡಿಗೆ ಮನೆಯಿಂದ. ಕಂಪನಿ ಕೆಲಸದ ಮೇಲೆ 2022ರಲ್ಲಿ ಕೋಪನ್‌ಹೇಗನ್‌ಗೆ ಹೋಗಿದ್ದೆ, ಹದಿನೆಂಟು ತಿಂಗಳು. ಅಲ್ಲಿ ಮನೆ ಸಿಗೋದು ಬೆಂಗಳೂರಿಗಿಂತ ಕಷ್ಟ. ಕೊನೆಗೆ ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ರೂಮು ಸಿಕ್ತು. ಅವರ ಊಟದ ಮನೆಯ ಗೋಡೆ ತುಂಬಾ ನೀಲಿ ತಟ್ಟೆಗಳು, ಸಾಲುಸಾಲಾಗಿ. ಅವರ ತಂದೆ ತಾಯಿಗೆ ಪ್ರತಿ ಕ್ರಿಸ್ಮಸ್‌ಗೂ ಒಂದೊಂದು ಕೊಡ್ತಿದ್ದರಂತೆ, ಆಮೇಲೆ ಇವರ ಗಂಡ ಇವರಿಗೆ. ಒಂದು ಕಡೆ ಬರೀ ಮೊಳೆ ಇತ್ತು. ಆ ತಟ್ಟೆ ಒಡೆದು ಮೂವತ್ತು ವರ್ಷ ಆಗಿತ್ತಂತೆ. "ಸಂತೆಯಲ್ಲಿ ಅದೇ ಇಸವಿಯದ್ದು ಸಿಗುತ್ತಲ್ಲ, ತಂದುಕೊಡಲಾ?" ಅಂದೆ. ಬೇಡ ಅಂದರು. "ಅದು ನಮ್ಮನೆಯದಲ್ಲವಲ್ಲ" ಅಂತ ಕಾರಣ. ಅವತ್ತು ನನಗೆ ಇದು ವಯಸ್ಸಾದವರ ಹಟ ಅನ್ನಿಸಿತ್ತು.

ಸಂತೆ ಅಂದೆನಲ್ಲ, ಅದು ಫ್ರೆಡರಿಕ್ಸ್‌ಬರ್ಗ್ ಪುರಭವನದ ಹಿಂದೆ ಬೇಸಿಗೆಯ ಶನಿವಾರಗಳಲ್ಲಿ ನಡೆಯೋ ಹಳೇ ಸಾಮಾನಿನ ಸಂತೆ. ನಮ್ಮ ಚಳ್ಳಕೆರೆ ಸಂತೇಲಿ ಈರುಳ್ಳಿ ರಾಶಿ ಹಾಕಿದ ಹಾಗೆ ಅಲ್ಲಿ ಈ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿರ್ತಾರೆ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಮೆರಿಕದವರೂ ಮುಗಿಬಿದ್ದು ಕೊಳ್ತಿದ್ದರು, ಬೆಲೆ ಏರಿತ್ತು. ಕಾರ್ಖಾನೆಗಳೂ ಹೆಚ್ಚು ಹೆಚ್ಚು ಮಾಡಿದವು. ಈಗ ಅವನ್ನೆಲ್ಲ ಕೂಡಿಟ್ಟ ತಲೆಮಾರು ಮನೆ ಖಾಲಿ ಮಾಡ್ತಿದೆ, ಮಕ್ಕಳಿಗೆ ಬೇಡ. ಹಾಗಾಗಿ 1960ರ ಈಚಿನ ಎಷ್ಟೋ ತಟ್ಟೆಗಳು ನನಗೆ ನಲವತ್ತು, ಐವತ್ತು ಕ್ರೋನರ್‌ಗೆ ಸಿಕ್ಕವು. ನಮ್ಮ ಲೆಕ್ಕದಲ್ಲಿ ಐನೂರು, ಆರುನೂರು ರೂಪಾಯಿ. ಹೂಡಿಕೆ ಅಂತ ಯಾರಾದರೂ ಇವನ್ನು ಕೊಳ್ಳೋಕೆ ಹೊರಟರೆ ಬೇಡ ಅನ್ನಿ. 1895 ಬಿಟ್ಟರೆ, ಮತ್ತೆ ಯುದ್ಧಕಾಲದ ಕೆಲವು ಬಿಟ್ಟರೆ, ಉಳಿದವು ಸುಮ್ಮನೆ ಇಷ್ಟಕ್ಕೆ ಕೊಳ್ಳೋ ಸಾಮಾನು.

ಹೊಸಬರು ಸಾಮಾನ್ಯವಾಗಿ ತಮ್ಮ ಹುಟ್ಟಿದ ವರ್ಷದಿಂದ ಶುರು ಮಾಡ್ತಾರೆ. ನಾನೂ 1995 ಹುಡುಕಿಕೊಂಡೆ. ಆಮೇಲೆ ಅಪ್ಪಂದು, 1963. ತಟ್ಟೆ ತಿರುಗಿಸಿ ನೋಡಿದರೆ ಹೈಸೇಯರ್ ಅನ್ನೋ ಊರಿನ ಗಾಳಿ ಗಿರಣಿ! ಚಳ್ಳಕೆರೆ ಗೊತ್ತಿರೋರಿಗೆ ಇದು ಯಾಕೆ ನಗು ಬರಿಸ್ತು ಅಂತ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಕಡಲೆಕಾಯಿ ಎಣ್ಣೆ ವ್ಯಾಪಾರದಲ್ಲಿ ನಮ್ಮೂರನ್ನು ಎರಡನೇ ಮುಂಬೈ ಅಂತಿದ್ದರು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಡೆನ್ಮಾರ್ಕಿನವರೂ ಅವರಿಗೆ ಮಿಲ್ಲೇ ಕೊಟ್ಟರು. ಅಮ್ಮಂದು 1970, ಅದರಲ್ಲಿ ಕ್ರಿಸ್ಮಸ್ ಗುಲಾಬಿ ಗಿಡದ ಹತ್ತಿರ ಒಂದು ಬೆಕ್ಕು. ಅಮ್ಮನಿಗೆ ಬೆಕ್ಕು ಕಂಡರೆ ಆಗಲ್ಲ. ಅದು ಬೇರೆ ಮಾತು.

ಮಾಡೋ ರೀತಿಯನ್ನೂ ಸ್ವಲ್ಪ ಹೇಳ್ತೀನಿ, ಮುಂದೆ ಬೇಕಾಗುತ್ತೆ. ಉಬ್ಬು ಚಿತ್ರದ ಅಚ್ಚಿನಲ್ಲಿ ಜೇಡಿ ತಟ್ಟೆ ತೆಗೀತಾರೆ, ಒಂದು ಸಲ ಸುಡ್ತಾರೆ. ಆಮೇಲೆ ಕೋಬಾಲ್ಟ್ ಬಣ್ಣ ಹಾಕಿ, ಉಬ್ಬಿದ ಜಾಗದಲ್ಲಿ ಅದನ್ನು ಒರೆಸಿ ತೆಳುವು ಮಾಡ್ತಾರೆ. ಹಿಮ, ಮೋಡ ಬೆಳ್ಳಗೆ ಕಾಣೋದು ಅದರಿಂದ. ಮೇಲೆ ಹೊಳಪಿನ ಲೇಪ ಕೊಟ್ಟು ಸುಮಾರು 1400 ಡಿಗ್ರಿಯಲ್ಲಿ ಮತ್ತೆ ಸುಡ್ತಾರೆ. ಒಲೆಗೆ ಹೋಗುವಾಗ ಮಂಕಾಗಿದ್ದ ಬಣ್ಣ ಹೊರಗೆ ಬರುವಾಗ ಆ ನೀಲಿಯಾಗಿರುತ್ತೆ. ತಟ್ಟೆಯ ಹಿಂದೆ ಕಾರ್ಖಾನೆ ಗುರುತು ಇರುತ್ತೆ, ರಾಯಲ್ ಕೋಪನ್‌ಹೇಗನ್ನಿಗೆ ಮೂರು ಅಲೆ, ಇನ್ನೊಂದಕ್ಕೆ ಮೂರು ಗೋಪುರ. ಅದರ ಪಕ್ಕದಲ್ಲೇ ಬಣ್ಣ ಹಾಕಿದವರ ಇನಿಷಿಯಲ್, ಚಿಕ್ಕದಾಗಿ. ದಾರ ಪೋಣಿಸೋಕೆ ಹಿಂದಿನ ಅಂಚಿನಲ್ಲಿ ಎರಡು ತೂತು.

2024ರ ಜನವರಿಯಲ್ಲಿ ಹನ್ನೊಂದು ತಟ್ಟೆಗಳನ್ನು ಸ್ವೆಟರ್‌ನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡು ಊರಿಗೆ ಬಂದೆ. ಮಂಚದ ಮೇಲೆ ಸಾಲಾಗಿ ಹರಡಿ ಅಮ್ಮನಿಗೆ ವಿವರಿಸಿದೆ. ನಮ್ಮಲ್ಲೂ ಮುಯ್ಯಿ ಮಾಡೋ ಸ್ಟೀಲ್ ತಟ್ಟೆ ಮೇಲೆ ಹೆಸರು, ತಾರೀಖು ಚುಕ್ಕಿಚುಕ್ಕಿಯಾಗಿ ಬರೆಸ್ತಾರಲ್ಲ, ಅಂಥದ್ದೇ ಅಂದುಕೊಂಡರು. ಅಲ್ಲ ಅಮ್ಮ, ಇದು ವರ್ಷಕ್ಕೊಂದು, ತಪ್ಪದ ಹಾಗೆ ಅಂದೆ.

"ವರ್ಷಕ್ಕೊಂದಾ? ನನ್ನ ಹತ್ರಾನೂ ಐತಲ್ಲೇ" ಅಂತ ಎದ್ದು ಹೋಗಿ ಟ್ರಂಕ್ ತೆಗೆದರು.

ಅಮ್ಮನ ತವರು ಮೊಳಕಾಲ್ಮೂರು. ತಾತ ರೇಷ್ಮೆ ಸೀರೆ ನೇಯ್ತಿದ್ದರು, ಅವರ ನಂತರ ಮಾಮ. ಮೊಳಕಾಲ್ಮೂರು ಸೀರೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಎರಡೂ ಒಂದಕ್ಕೊಂದು ಕಲೆಸದ ಹಾಗೆ ಮೂರು ಲಾಳಿಯಲ್ಲಿ ನೇಯೋದು ಅದರ ಹೆಚ್ಚುಗಾರಿಕೆ. ಒಂದು ಲಾಳಿ ಒಡಲಿಗೆ, ಎರಡು ಲಾಳಿ ಎರಡೂ ಕಡೆಯ ಅಂಚಿಗೆ. ಮಗ್ಗದಲ್ಲಿ ಕೂತವರ ಪಕ್ಕಕ್ಕೆ ಇನ್ನೊಬ್ಬರ ಕೈ ಬೇಕು. ಚಿಕ್ಕವಳಿದ್ದಾಗ ಅಮ್ಮ ಆ ಕೈ ಆಗಿದ್ದರು.

1993ರಲ್ಲಿ ಮದುವೆಯಾಯ್ತು. ಅವತ್ತಿಂದ ಪ್ರತಿ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ತವರಿನ ಮಗ್ಗದ್ದೇ ಒಂದು ಸೀರೆ ಬರ್ತಿತ್ತು. 2004ರಲ್ಲಿ ತಾತ ಹೋದರು, ಆದರೂ ಆ ವರ್ಷದ ಸೀರೆ ಬಂತು, ಅರ್ಧ ತಾತ ನೇಯ್ದಿದ್ದು ಅರ್ಧ ಮಾಮ ಮುಗಿಸಿದ್ದು. 2019ರವರೆಗೂ ಬಂತು. 2020ರಲ್ಲಿ ಕೊರೊನಾ, ರೇಷ್ಮೆನೂ ಬರಲಿಲ್ಲ, ಕೊಳ್ಳೋರೂ ಬರಲಿಲ್ಲ. ಮಾಮನ ಕಣ್ಣಿಗೂ ಎಳೆ ಕಾಣಿಸ್ತಿರಲಿಲ್ಲ. ಮಗ್ಗ ನಿಂತಿತು.

ಲೆಕ್ಕ ಹಾಕಿದರೆ ಇಪ್ಪತ್ತೇಳು ಸೀರೆ. ಟ್ರಂಕ್‌ನಲ್ಲಿ ಇದ್ದಿದ್ದು ಹತ್ತೊಂಬತ್ತು.

"ಉಳಿದವು?" ಅಂದೆ. "ಹಳೇವು, ಮಡಿಕೇಲಿ ಹರಿದುಹೋಗಿದ್ವು" ಅಂದರು. ಎಂಟೂ ಹೇಗೆ ಹರಿದುಹೋದವು, ಅದೂ 1993ರಿಂದ 2000ದವರೆಗೆ ಸಾಲಾಗಿ? ನಾನು ಡೇಟಾ ನೋಡಿ ಸಂಬಳ ತಗೊಳ್ಳೋಳು. ಇಂಥಾದ್ದು ಕಣ್ಣಿಗೆ ಬಿದ್ದೇ ಬೀಳುತ್ತೆ. ಮತ್ತೆ ಮತ್ತೆ ಕೇಳಿದ್ದಕ್ಕೆ ಅಪ್ಪ ಒಳಗಿನಿಂದಲೇ ಹೇಳಿದರು, "ಜರಿಯೋನಿಗೆ ಕೊಟ್ಟಳು. ನಿನ್ನ ಫೀಸಿಗೆ."

2013ರ ಆಗಸ್ಟ್. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಪ್ಪನ ಮಿಲ್ಲು ಮುಚ್ಚಿ ವರ್ಷ ಆಗಿತ್ತು. ಸಾಲ ಮಾಡಿ ಇನ್ನೂ ಇಪ್ಪತ್ತೆರಡು ಸಾವಿರ ಕಡಿಮೆ ಬಿದ್ದಿತ್ತು. ಅದನ್ನು ಸೊಸೈಟಿಯಲ್ಲಿ ತೆಗೆದರು ಅಂತಲೇ ಇಷ್ಟು ವರ್ಷ ನಾನು ತಿಳಿದಿದ್ದೆ. ಹಳೇ ಜರಿ ಸೀರೆ ಕೊಳ್ತೀವಿ ಅಂತ ಬೀದಿಯಲ್ಲಿ ಕೂಗಿಕೊಂಡು ಬರ್ತಾರೆ, ನೀವೂ ಕೇಳಿರ್ತೀರಿ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ ತಂತಿ, ಮೇಲೆ ಚಿನ್ನದ ನೀರು. ಸೀರೇನ ಸುಟ್ಟು ಬೆಳ್ಳಿ ತೆಗೆದುಕೊಳ್ತಾರೆ. ತಾತನ ಕಾಲದ ಸೀರೆಗಳಲ್ಲಿ ಬೆಳ್ಳಿ ಜಾಸ್ತಿ, ಅದಕ್ಕೇ ಮೊದಲಿನ ಎಂಟು ಹೋಗಿದ್ದು. ನಾನು ಹುಟ್ಟಿದ ವರ್ಷದ್ದೂ ಅದರಲ್ಲಿ ಸೇರಿದೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹೇಳಬಹುದಿತ್ತಲ್ಲ ಅಂದೆ. "ಹೇಳಿದ್ರೆ ನೀನು ಓದ್ತಿದ್ದಾ, ಸೀರೆ ಲೆಕ್ಕ ಹಾಕ್ತಾ ಕೂರ್ತಿದ್ದಾ?" ಅಂದು ಅಮ್ಮ ಟ್ರಂಕ್ ಮುಚ್ಚಿದರು.

ಮುಂದಿನ ಭಾನುವಾರ ಅಮ್ಮನ್ನ ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ತಟ್ಟೆಗಳನ್ನೂ ಒಯ್ದಿದ್ದೆ. ಮನಸ್ಸಿನಲ್ಲಿದ್ದದ್ದು ಬೇರೆ. ಮಾಮನಿಗೆ ದುಡ್ಡು ಕೊಟ್ಟು ಆ ಎಂಟು ಸೀರೆಗಳನ್ನು ಮತ್ತೆ ನೇಯಿಸೋದು. ಅವರಿಗೆ ಆಗದಿದ್ದರೆ ಬೇರೆ ನೇಕಾರರ ಕೈಲಿ, ಅದೇ ಡಿಸೈನು, ಅದೇ ಬಣ್ಣ.

ಮಾಮ ತಟ್ಟೆಗಳ ಮುಂಭಾಗ ಹೆಚ್ಚು ನೋಡಲೇ ಇಲ್ಲ. ಒಂದೊಂದನ್ನೂ ತಿರುಗಿಸಿ, ಬೆಳಕಿಗೆ ಹಿಡಿದು, ಹಿಂದಿನ ಇನಿಷಿಯಲ್ ಯಾರದು ಅಂತ ಕೇಳಿದರು. ಹೇಳಿದೆ.

"ಇವರಿಗೆ ಕೂಲಿ ಎಷ್ಟಂತೆ?"

ಹದಿನೆಂಟು ತಿಂಗಳಲ್ಲಿ ನಾನು ಯಾರನ್ನೂ ಕೇಳದ ಪ್ರಶ್ನೆ. ಈಗ ಆ ಕಂಪನಿಯ ಹೆಚ್ಚಿನ ಸಾಮಾನು ಥಾಯ್ಲೆಂಡಿನಲ್ಲಿ ತಯಾರಾಗುತ್ತೆ ಮಾಮ ಅಂದೆ. "ಹಂಗಾದ್ರೆ ಅವರದ್ದೂ ಹೋಯ್ತು" ಅಂತ ತಟ್ಟೆ ಕೆಳಗಿಟ್ಟರು. ಅಚ್ಚು ಒಡೆಯೋ ವಿಷಯ ಹೇಳಿದಾಗ ಮಾತ್ರ ನಕ್ಕರು. "ಬೇಕಂತಾನೇ ಒಡೀತಾರಾ?"

ಆಮೇಲೆ ನನ್ನ ವಿಚಾರ ಹೇಳಿದೆ. ಅವರು ಮಾತಾಡದೆ ಎದ್ದು ಹಿತ್ತಲಿಗೆ ಕರೆದುಕೊಂಡು ಹೋದರು. ಮಗ್ಗದ ಗುಂಡಿ ಮುಚ್ಚಿ ಗಾರೆ ಹಾಕಿ ಆಗಿತ್ತು, ಅಲ್ಲಿ ಮೊಮ್ಮಗನ ಬೈಕ್ ನಿಂತಿತ್ತು. ಡಿಸೈನ್ ಇರೋದು ಜಕಾರ್ಡ್ ರಟ್ಟುಗಳಲ್ಲಿ. ತೂತು ಇದ್ದರೆ ಎಳೆ ಏಳುತ್ತೆ, ಇಲ್ಲದಿದ್ದರೆ ಇಲ್ಲ. ನಮ್ಮ ಕಂಪ್ಯೂಟರಿನ ಹಳೇ ಪಂಚ್ ಕಾರ್ಡಿಗೆ ಇದೇ ಮೂಲ ಅಂತ ಮೊದಲನೇ ಸೆಮಿಸ್ಟರಿನಲ್ಲೇ ಓದಿದ್ದೆ, ಮಾಮನ ಮನೆ ಅಟ್ಟದ ಮೇಲೆ ಅವು ಕಟ್ಟುಕಟ್ಟಾಗಿ ಇದ್ದದ್ದೂ ನೆನಪಿತ್ತು. ಎಲ್ಲಿವೆ ಅಂದೆ. ಮಾಮ ಬಚ್ಚಲ ಒಲೆ ತೋರಿಸಿದರು. 2021ರ ಚಳಿಗಾಲದಲ್ಲಿ ನೀರು ಕಾಯಿಸೋಕೆ ಆದವಂತೆ. "ಯಾರೂ ಕೇಳಲಿಲ್ಲವ್ವ. ಕೇಳಿದ್ರೆ ಇಟ್ಟಿರ್ತಿದ್ದೆ."

ಬೇರೆಯವರ ಕೈಲಿ ನೇಯಿಸೋ ಮಾತಿಗೆ ಅಮ್ಮನೇ ಬೇಡ ಅಂದುಬಿಟ್ಟರು. "ಚೆನ್ನಾಗೇ ನೇಯ್ತಾರೆ. ಆದ್ರೆ ಅದು ಅಪ್ಪ ನೇಯ್ದಿದ್ದಾಗಲ್ವಲ್ಲ." ಕೋಪನ್‌ಹೇಗನ್ನಿನ ಬರೀ ಮೊಳೆ ನೆನಪಾಯ್ತು. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಮಾಮ ಮಾತಿಗೆ ಕೂತರು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದಿದ್ದು. ರಾಜನ ಮಾತೆಲ್ಲ ಮುಗಿದ ಮೇಲೆ ಬಂಡೆಯ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಅಂತ. ಅದನ್ನು ಹೇಳಿ, "ನೀವ್ಯಾಕೆ ಸೀರೆ ಮೇಲೆ ಹೆಸರು ಹಾಕಲಿಲ್ಲ ಮಾಮ?" ಅಂದೆ. "ಹಾಕಿದ್ರೆ ಯಾರು ಉಡ್ತಾರೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಹೆಸರು ಬೇಕಾಗಿಲ್ಲ, ಒಡಲಿಗೆ ಅಂಚು ಸೇರೋ ಜಾಗ ಹಿಂದಿನಿಂದ ನೋಡಿದ್ರೆ ಯಾರ ಕೈ ಅಂತ ತಿಳಿಯುತ್ತೆ ಅಂದರು. ತಾತಂದು ಬಿಗಿ, ತಮ್ಮದು ಸ್ವಲ್ಪ ಸಡಿಲ.

ಮನೆಗೆ ಬಂದ ಮೇಲೆ ಅಮ್ಮ ಹತ್ತೊಂಬತ್ತು ಸೀರೆಗಳನ್ನೂ ತಿರುವಿ ಹಾಕಿ ನೋಡಿದರು. ಇಸವಿಪ್ರಕಾರ ಜೋಡಿಸಿ, ಚೀಟಿ ಬರೆದು, ಕಾಟನ್ ಬಟ್ಟೆಯಲ್ಲಿ ಸುತ್ತಿ ಇಡೋ ಕೆಲಸ ನಂದು. ಸ್ಪ್ರೆಡ್‌ಶೀಟ್ ಕೂಡ ಮಾಡಿದೀನಿ: ಇಸವಿ, ಬಣ್ಣ, ಅಂಚು, ಯಾರ ಕೈ, ಎಲ್ಲಿಗೆ ಉಟ್ಟಿದ್ದು. 1993ರಿಂದ 2000ದವರೆಗಿನ ಎಂಟು ಸಾಲುಗಳಲ್ಲಿ ಬಣ್ಣ ಮಾತ್ರ ಇದೆ, ಅಮ್ಮ ಕಣ್ಣು ಮುಚ್ಚಿ ಹೇಳಿದ್ದು. 1995ರದ್ದು ಹಸಿರು ಒಡಲು, ಕುಂಕುಮದ ಅಂಚು.

ತಟ್ಟೆಗಳಲ್ಲಿ ಗಿರಣಿ ಮತ್ತು ಬೆಕ್ಕು ಮಾತ್ರ ಗೋಡೆಗೆ ಹೋದವು. ಉಳಿದವು ಬೀರುವಿನಲ್ಲಿವೆ. ಒಂದರಲ್ಲಿ ಮಾತ್ರ ಅಮ್ಮ ಅರಿಶಿನ ಕುಂಕುಮದ ಬಟ್ಟಲು ಇಟ್ಟಿದ್ದಾರೆ, ನನಗೆ ಹೇಳದೆ. ನಾನೂ ಏನೂ ಅಂದಿಲ್ಲ.

ಪಟ್ಟಿಯಲ್ಲಿ ಒಂದು ಕಡೆ ಮಾತ್ರ ಇನ್ನೂ ಪ್ರಶ್ನೆ ಚಿಹ್ನೆ ಇದೆ. ನೇರಳೆ ಬಣ್ಣದ್ದು 2006ರದ್ದು ಅಂತ ಅಮ್ಮ, ಅಲ್ಲ ಅದು 2007ರದ್ದು, ಆ ವರ್ಷವೇ ನೇರಳೆ ರೇಷ್ಮೆ ತಂದಿದ್ದು ಅಂತ ಮಾಮ. ವಾರಕ್ಕೊಮ್ಮೆ ಫೋನಿನಲ್ಲಿ ಇದೇ ಜಗಳ. ಈ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಬಂದಾಗ ಮಾಮ ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಕೂತು, ಸೀರೇನ ಹಿಂದುಮುಂದು ಮಾಡಿ ಅರ್ಧ ಗಂಟೆ ನೋಡಿದರು. ಇನ್ನೂ ತೀರ್ಮಾನ ಆಗಿಲ್ಲ.