ಬೆಟ್ಟದ ನೆತ್ತಿಯ ಕಟ್ಟಡ ಯಾರ ಯಾರ ಕಣ್ಣಿಗೆ?

ಬೆಟ್ಟದ ನೆತ್ತಿಯಲ್ಲಿ ವಸತಿಗೃಹವೊಂದು ಏಳಲಿದೆಯೆಂಬ ಸುದ್ದಿ ಹುಟ್ಟಿದೊಡನೆ ಊರಿನಲ್ಲಿ ಎರಡು ಪಕ್ಷಗಳಾಗುತ್ತವೆ. ‘ಮರಗಳ ನಡುವೆ ಯಾರಿಗೂ ಕಾಣದು’ ಎನ್ನುವವರು ಕೆಲವರು. ‘ಇಡೀ ಕಣಿವೆಗೆ ಕಾಣುತ್ತದೆ’ ಎನ್ನುವವರು ಹಲವರು. ನಮ್ಮ ಆಡಳಿತ ಮಂಡಲಿಯ ಸಭೆಯಲ್ಲೂ ಈ ಚರ್ಚೆ ನಡೆಯಿತು. ಬಾಯಿಮಾತಿನಿಂದ ಇದು ಮುಗಿಯದೆಂದು ಮನಗಂಡು, ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡಿದೆವು. ಆ ವಿಧಾನವನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ವಿವರಿಸುತ್ತೇವೆ.

ಇದಕ್ಕೆ ಬೇಕಾದ ‘ಕ್ಯೂಜಿಐಎಸ್’ ಎಂಬ ನಕ್ಷೆಯ ತಂತ್ರಾಂಶ 2002ರಲ್ಲಿ ಆರಂಭವಾದದ್ದು. ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ನೆಲದ ಎತ್ತರದ ಮಾಹಿತಿಯೂ ಉಚಿತ. 2000ದ ಫೆಬ್ರವರಿಯಲ್ಲಿ ‘ಎಂಡೆವರ್’ ನೌಕೆ 11 ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಎತ್ತರಗಳು ಸುಮಾರು 30 ಮೀಟರಿನ ಚೌಕಗಳಾಗಿ ದೊರೆಯುತ್ತವೆ.

ಲೆಕ್ಕದ ತತ್ತ್ವ ಸರಳ. ನೋಡುವ ಜಾಗದಿಂದ ಪ್ರತಿಯೊಂದು ಚೌಕಕ್ಕೂ ನೇರ ಗೆರೆ ಎಳೆದಂತೆ ಭಾವಿಸಿರಿ. ನಡುವೆ ಯಾವುದಾದರೂ ದಿಣ್ಣೆ ಆ ಗೆರೆಗಿಂತ ಮೇಲೆದ್ದರೆ ಆಚೆಯದು ಮರೆ, ಇಲ್ಲವಾದರೆ ಗೋಚರ. ಇಲ್ಲಿಂದ ಅಲ್ಲಿಗೆ ಕಂಡರೆ ಅಲ್ಲಿಂದ ಇಲ್ಲಿಗೂ ಕಾಣುವುದಷ್ಟೆ. ಆದುದರಿಂದ ಕಟ್ಟಡದ ತುದಿಯನ್ನೇ ನೋಡುವ ಜಾಗವೆಂದು ಕೊಟ್ಟು, ಎದುರಿನವರ ಕಣ್ಣಿನ ಎತ್ತರವನ್ನು 1.6 ಮೀಟರ್ ಎಂದಿಟ್ಟರೆ, ಅದು ಕಾಣುವ ಊರುಗಳೆಲ್ಲ ಒಂದೇ ನಕ್ಷೆಯಲ್ಲಿ ಬರುತ್ತವೆ.

ಮೂರು ಎಚ್ಚರಿಕೆಗಳು ಅಗತ್ಯ. ಮೊದಲು, ಅಕ್ಷಾಂಶ ರೇಖಾಂಶಗಳ ಮಾಹಿತಿಯನ್ನು ಮೀಟರಿನ ಅಳತೆಗೆ ಪರಿವರ್ತಿಸಬೇಕು. ಕೊಡಗು ‘ಯುಟಿಎಂ’ 43ನೇ ವಲಯಕ್ಕೆ ಸೇರಿದೆ. ಎರಡನೆಯದು, ಎಷ್ಟು ದೂರದವರೆಗೆ ನೋಡಬೇಕೆಂಬುದನ್ನು ನಾವೇ ತಿಳಿಸಬೇಕು. ಮೂರನೆಯದು, ಭೂಮಿಯ ಬಾಗು. 10 ಕಿಲೋಮೀಟರಿಗೆ ನೆಲ ಸುಮಾರು 8 ಮೀಟರ್ ಕುಸಿದಂತಾದರೆ, 20 ಕಿಲೋಮೀಟರಿಗೆ 31 ಮೀಟರ್. ಗಾಳಿಯಲ್ಲಿ ಬೆಳಕು ಬಾಗುವುದರಿಂದ ಇದರಲ್ಲಿ ಏಳನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿಯೂ ನಾವು ಎಡವಿದೆವು. ನಮ್ಮ ತೋಟದ ಕಾಫಿ ಕಣದಿಂದ ಆ ನೆತ್ತಿ ಕಾಣುವುದಿಲ್ಲವೆಂದು ನಕ್ಷೆ ತೋರಿಸಿತು. ಸಭೆಗೂ ಹಾಗೆಯೇ ತಿಳಿಸಿದೆವು. ಮರುದಿನ ಕಣದಲ್ಲಿ ನಿಂತು ನೋಡಿದರೆ ನೆತ್ತಿ ನಿಚ್ಚಳವಾಗಿ ಕಾಣುತ್ತಿತ್ತು! ರೇಡಾರ್ ಅಳೆದದ್ದು ಬರಿಯ ಮಣ್ಣನ್ನಲ್ಲ. ದಟ್ಟ ಮರಗಳಿದ್ದಲ್ಲಿ ಅವುಗಳ ಎತ್ತರದ ಒಂದು ಪಾಲೂ ಅದರಲ್ಲಿ ಸೇರುತ್ತದೆ. ನಡುವಣ ಏಣಿನ ಹೆಮ್ಮರಗಳು ಉರುಳಿ ವರ್ಷಗಳಾಗಿವೆ. ನಕ್ಷೆಯಲ್ಲಿ ಮಾತ್ರ ಇನ್ನೂ ನಿಂತಿದ್ದವು. ಮುಂದಿನ ಸಭೆಯಲ್ಲಿ ತಪ್ಪನ್ನು ಒಪ್ಪಿಕೊಂಡೆವು. ನೆರಳು ಮರ ಕಪಾತಾದ ಮೇಲೆ ಎದುರು ಬೆಟ್ಟ ತೆರೆದುಕೊಳ್ಳುವುದನ್ನು ಪ್ರತಿ ವರ್ಷ ಕಾಣುವ ನಾವು ಇದನ್ನು ಮೊದಲೇ ಯೋಚಿಸಬೇಕಿತ್ತು.

ಆದುದರಿಂದ ನಕ್ಷೆಯನ್ನು ಕೈಯಲ್ಲಿ ಹಿಡಿದು, ಕನಿಷ್ಠ ನಾಲ್ಕಾರು ಜಾಗಗಳಿಗೆ ನಡೆದು ಹೋಗಿ ತಾಳೆ ನೋಡುವುದು ಕಡ್ಡಾಯ. ಕಾಣುವುದಿಲ್ಲವೆಂದ ಮಾತ್ರಕ್ಕೆ ಜಾಗ ಸುರಕ್ಷಿತವೆಂದೂ ಅರ್ಥವಲ್ಲ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಇಳಿಜಾರು ಮತ್ತು ನೀರಿನ ಹರಿವಿನ ಪರೀಕ್ಷೆ ಬೇರೆಯೇ ಆಗಬೇಕು.

ಬೆಟ್ಟವನ್ನು ಒಮ್ಮೆ ಕಡಿದ ಮೇಲೆ ಆಕ್ಷೇಪಣೆಯಿಂದ ಪ್ರಯೋಜನವಿಲ್ಲ. ಕಟ್ಟುವವರಾಗಲಿ, ಬೇಡವೆನ್ನುವವರಾಗಲಿ, ನೆಲ ಅಗೆಯುವ ಮೊದಲೇ ಇಂಥ ನಕ್ಷೆಯನ್ನು ಮುಂದಿಟ್ಟು ಮಾತನಾಡುವುದು ಲೇಸು. ಇಚ್ಛಿಸುವ ಸದಸ್ಯರು ಜಾಗದ ಸರ್ವೆ ನಂಬರಿನೊಂದಿಗೆ ಸಂಘದ ಕಚೇರಿಗೆ ಬಂದರೆ ನಕ್ಷೆ ತಯಾರಿಸಲು ನೆರವಾಗುತ್ತೇವೆ.