ಗಂಬೊ ಎಂಬ ಮಾತಿನ ಹುಟ್ಟು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಲೂಯಿಸಿಯಾನ ರಾಜ್ಯದವರ ನೆಚ್ಚಿನ ಅಡಿಗೆಗೆ 'ಗಂಬೊ' ಎಂದು ಹೆಸರು. ಸೀಗಡಿಯನ್ನೋ ಕೋಳಿಯನ್ನೋ ತರಕಾರಿಯೊಡನೆ ಬೇಯಿಸಿ, ಅನ್ನದೊಂದಿಗೆ ಉಣ್ಣುವ ಮಂದವಾದ ಸಾರು ಅದು. 2004ರಲ್ಲಿ ಅದು ಆ ರಾಜ್ಯದ ಅಧಿಕೃತ ಅಡಿಗೆಯೆಂಬ ಮನ್ನಣೆಯನ್ನೂ ಪಡೆಯಿತು. ಈ ಮಾಂಸದಡಿಗೆಯ ಗೊಡವೆ ನಮಗೇಕೆಂದು ಶಾಕಾಹಾರಿ ವಾಚಕರು ಪುಟ ಮಗುಚಬಾರದು. ಏಕೆಂದರೆ ಗಂಬೊ ಎಂದರೆ ಮೂಲದಲ್ಲಿ ನಮ್ಮ ಬೆಂಡೆಕಾಯಿಯೇ!

ಆಫ್ರಿಕದ ಅಂಗೋಲ ಸೀಮೆಯ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ 'ಕಿಂಗೊಂಬೊ' ಎಂಬಂಥ ಹೆಸರುಗಳಿವೆ. ಮೊದಲಿನ 'ಕಿ' ಬಿದ್ದುಹೋಗಿ, ಫ್ರೆಂಚರ ಬಾಯಲ್ಲಿ ಅದು 'ಗೊಂಬೊ' ಆಯಿತು. ಫ್ರೆಂಚಿನಲ್ಲಿ ಇಂದಿಗೂ ಬೆಂಡೆಕಾಯಿಗೆ ಅದೇ ಹೆಸರು. ಕ್ಯೂಬಾದವರು 'ಕಿಂಬೊಂಬೊ' ಎನ್ನುತ್ತಾರೆ. ಇಂಗ್ಲಿಷರ 'ಓಕ್ರ' ಎಂಬ ಮಾತೂ ಪಶ್ಚಿಮ ಆಫ್ರಿಕದ ಇಗ್ಬೊ ಭಾಷೆಯಿಂದಲೇ ಬಂದುದು.

ಈ ಮಾತುಗಳು ಸಮುದ್ರ ದಾಟಿದ ಬಗೆ ಮಾತ್ರ ಸಂತೋಷದ್ದಲ್ಲ. ಫ್ರೆಂಚರು 1718ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಕಟ್ಟಿದರು. ಮರುವರ್ಷವೇ ಗುಲಾಮರನ್ನು ಹೊತ್ತ ಹಡಗುಗಳು ಲೂಯಿಸಿಯಾನಕ್ಕೆ ಬಂದುವು. ಸೆರೆಯಾಗಿ ಬಂದವರಿಗೆ ಒಡೆಯರು ಹೊಸ ಹೆಸರಿಟ್ಟರು. ಆದರೆ ಅವರು ತಿನ್ನುತ್ತಿದ್ದ ಕಾಯಿಯ ಹೆಸರು ಉಳಿಯಿತು. ಉಳಿದುದಲ್ಲದೆ ಒಡೆಯರ ನಾಲಗೆಯನ್ನೂ ಏರಿತು.

ಬೇರೊಂದು ಅಭಿಪ್ರಾಯವೂ ಉಂಟು. ಅಲ್ಲಿಯ ಮೂಲನಿವಾಸಿಗಳಾದ ಚಾಕ್ಟಾ ಜನರು ಸಸಾಫ್ರಸ್ ಮರದ ಎಲೆಯನ್ನು ಒಣಗಿಸಿ, ಪುಡಿ ಮಾಡಿ ಬಳಸುತ್ತಿದ್ದರು. ಅದಕ್ಕೆ ಅವರಿಟ್ಟ 'ಕೊಂಬೊ' ಎಂಬ ಹೆಸರೇ ಗಂಬೊ ಆಯಿತೆಂದು ಕೆಲವರ ವಾದ. ಆದರೆ ಹೆಚ್ಚಿನ ವಿದ್ವಾಂಸರು ಆಫ್ರಿಕದ ಮೂಲವನ್ನೇ ಒಪ್ಪುತ್ತಾರೆ.

ನಮ್ಮ ಗೃಹಿಣಿಯರು ಬೆಂಡೆಕಾಯಿಯ ಲೋಳೆ ಹೋಗಲೆಂದು ಹುರಿಯುತ್ತಾರೆ, ಹುಣಿಸೆಹುಳಿ ಹಾಕುತ್ತಾರೆ. ಅಲ್ಲಿಯವರಿಗೆ ಆ ಲೋಳೆಯೇ ಬೇಕು. ಸಾರು ಮಂದವಾಗುವುದು ಅದರಿಂದ. ಸಸಾಫ್ರಸ್ ಪುಡಿಯಿಂದಲೂ, ಎಣ್ಣೆಯಲ್ಲಿ ಹುರಿದ ಗೋದಿಹಿಟ್ಟಿನಿಂದಲೂ ಅದೇ ಕೆಲಸವಾಗುತ್ತದೆ. ಹೀಗಾಗಿ ಬೆಂಡೆಕಾಯಿಯೇ ಇಲ್ಲದ ಗಂಬೊ ಈಗ ಎಷ್ಟೋ ಮನೆಗಳಲ್ಲಿ ಬೇಯುತ್ತದೆ. ಕಾಯಿ ಹೋದರೂ ಹೆಸರು ಹೋಗಲಿಲ್ಲ.

ಅವರ ಬಾಳಿಗೆ ನಮ್ಮದನ್ನು ಹೋಲಿಸುವುದು ಸಲ್ಲದು. ನಾವು ನೌಕರಿಗಾಗಿ, ಟಿಕೆಟು ಕೊಂಡು, ರೈಲಿನಲ್ಲಿ ಊರು ಬಿಟ್ಟವರು. ರಜೆ ಸಿಕ್ಕರೆ ಹಿಂದಿರುಗಬಲ್ಲವರು. ಮುಂಬಯಿಯ ಪೇಟೆಯಲ್ಲಿ 'ಭೇಂಡಿ' ಎನ್ನುತ್ತೇವೆ, ದಿಲ್ಲಿಯಲ್ಲಿ 'ಭಿಂಡಿ', ಚೆನ್ನೈಯಲ್ಲಿ 'ವೆಂಡೈಕ್ಕಾಯ್', ಹೈದರಾಬಾದಿನಲ್ಲಿ 'ಬೆಂಡಕಾಯ'. ಅಂಗಡಿಯವನೊಡನೆ ಅವನ ಮಾತನ್ನಾಡುವುದೇ ಸರಿ. ಆದರೆ ಚೀಲ ಮನೆಗೆ ಬಂದು, ಕಾಯಿಗಳನ್ನು ಮೊರಕ್ಕೆ ಸುರಿದ ಮೇಲೂ ಅದೇ ಹೆಸರು ನಡೆಯುವುದಾದರೆ, ನಮ್ಮ ಮಕ್ಕಳು ಬೆಂಡೆಕಾಯಿ ಎಂಬ ಮಾತನ್ನು ಯಾರಿಂದ ಕಲಿಯಬೇಕು? ಸಂಘದ ಕನ್ನಡ ತರಗತಿ ವಾರಕ್ಕೊಮ್ಮೆ; ಒಲೆ ಹೊತ್ತುವುದು ದಿನಕ್ಕೆರಡು ಸಲ. ಎಲ್ಲವನ್ನೂ ಕಳೆದುಕೊಂಡವರು ಒಂದು ಮಾತನ್ನು ಮುನ್ನೂರು ವರ್ಷ ಉಳಿಸಿದ್ದು ಅಡಿಗೆಮನೆಯಲ್ಲಿಯೇ ಎಂಬುದನ್ನು ನಾವು ನೆನಪಿನಲ್ಲಿಡೋಣ.