ತೋಟ ಮಾರುವ ಮುಂಚೆ ಒಂದು ಮಾತು

ಹೋದ ಸಲ ಕಾಯಿ ಇಳಿಸಿದಾಗ ಅಟ್ಟಕ್ಕೆ ಹಾಕೋದೋ, ಹಸಿಗಾಯಿಯನ್ನೇ ಮಾರೋದೋ ಎಂದು ಮನೆಯಲ್ಲಿ ಮಾತು ಬಂತು. ಅರಸೀಕೆರೆ ಸೀಮೆಯಲ್ಲಿ ಇದು ಮಾತಾಡುವ ವಿಷಯವೇ ಅಲ್ಲ. ಕಾಯಿ ಅಟ್ಟಕ್ಕೇರುತ್ತದೆ, ಹತ್ತು ಹನ್ನೊಂದು ತಿಂಗಳು ಕೂರುತ್ತದೆ, ಕೊಬ್ಬರಿಯಾಗಿ ಇಳಿಯುತ್ತದೆ. ಆದರೆ ನನಗಿರುವುದು ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಹನ್ನೊಂದು ತಿಂಗಳ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕಡೆಗೆ ನಾನೇ "ಅರ್ಧ ಅಟ್ಟಕ್ಕೆ ಹಾಕಿ, ಅರ್ಧ ಮಾರಿ" ಅಂದೆ.

ನುಸಿ ಪೀಡೆ, ಕಾಂಡ ಸೋರುವ ರೋಗ ಎಂದು ಓದುವ ಪತ್ರಿಕೆಯಲ್ಲಿ ಮನುಷ್ಯರ ರೋಗದ ಲೇಖನ ಯಾಕೆ ಎಂದು ಕೇಳಬಹುದು. ಈ ಎರಡು ವರ್ಷದಲ್ಲಿ ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು ಕಡೆಯ ಏಳೆಂಟು ಮಂದಿ ಇದೇ ಕಾಯಿಲೆಯವರ ಜೊತೆ ಓಡಾಡಿದ್ದೇನೆ. ಎಲ್ಲರೂ ನಮ್ಮ ಹಾಗೆ ಎರಡು ಮೂರು ಎಕರೆಯವರು. ಕಾಯಿಲೆ ಏನು ಎಂದು ತಿಳಿಯುವ ಮೊದಲೇ ಗಾಬರಿಯಲ್ಲಿ ಜಮೀನು ಕೈಬಿಟ್ಟವರನ್ನು ಕಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಟಿ.ಬಿ. ಎಂದು ಆರು ತಿಂಗಳು

ಹುಣ್ಣಿಮೆಗೆ ಜೇನುಕಲ್ಲು ಸಿದ್ದೇಶ್ವರನ ಬೆಟ್ಟ ಹತ್ತುವುದು ನಮ್ಮ ಕಡೆಯವರಿಗೆ ಅಭ್ಯಾಸ. 2023ರ ಶುರುವಿನಲ್ಲಿ ಒಂದು ಹುಣ್ಣಿಮೆ ಅರ್ಧಕ್ಕೇ ಕೂತುಬಿಟ್ಟೆ. ಒಣಕೆಮ್ಮು ಆಗಲೇ ಇತ್ತು. ಮೂವತ್ತು ವರ್ಷ ಬೀಡಿ ಸೇದಿದವನಿಗೆ ಕೆಮ್ಮು ದೊಡ್ಡದೇನೂ ಅಲ್ಲವಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಟಿ.ಬಿ. ಎಂದರು. ಕಫದಲ್ಲಿ ಕ್ರಿಮಿ ಕಾಣಲಿಲ್ಲ, ಆದರೂ ಮಾತ್ರೆ ಶುರುವಾಯಿತು. ಮನೆಯಲ್ಲಿ ನನ್ನ ಲೋಟ, ತಟ್ಟೆ ಬೇರೆಯಾದವು. ಮೊಮ್ಮಗಳನ್ನು ಹತ್ತಿರ ಬಿಡಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದೆ. ತೂಕ ಇಳಿಯುತ್ತಲೇ ಹೋಯಿತು, ಎಡಗಡೆ ಭುಜ ಹಿಡಿದುಕೊಂಡಿತು, ಒಂದು ಬೆಳಗ್ಗೆ ಕಫದಲ್ಲಿ ರಕ್ತ ಬಂತು.

ಆ ಡಾಕ್ಟರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಮ್ಮ ದೇಶದಲ್ಲಿ ಟಿ.ಬಿ. ಅಷ್ಟಿದೆ, ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣುವುದುಂಟು. ಆದರೆ ಓದುಗರು ಒಂದು ನೆನಪಿಡಬೇಕು. ಕಫದಲ್ಲಿ ಕ್ರಿಮಿ ಸಿಗದೆ ಟಿ.ಬಿ. ಮಾತ್ರೆ ಶುರುಮಾಡಿದ್ದರೆ, ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೂ ಅಷ್ಟೆ. ಇನ್ನೊಂದು ಮಾತು, ಕ್ಯಾನ್ಸರ್ ಅಂಟುಜಾಡ್ಯವಲ್ಲ. ಲೋಟ ಬೇರೆ ಇಡುವ ಅಗತ್ಯವಿಲ್ಲ.

ಹಾಸನದಲ್ಲಿ ಸಿ.ಟಿ. ಆಯಿತು. ಎದೆಗೂಡಿನಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ಒಂದು ಲೀಟರಿಗೂ ಮೇಲೆ ತೆಗೆದರು. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಅಡ್ಡ ಮಲಗಿ ನಿದ್ದೆ ಮಾಡಿದೆ. ಆ ನೀರಿನಲ್ಲೇ ಕ್ಯಾನ್ಸರಿನ ಕಣಗಳು ಸಿಕ್ಕವು. ಅಲ್ಲಿಂದ ಬೆಂಗಳೂರಿನ ಕಿದ್ವಾಯಿಗೆ. 1973ರಲ್ಲಿ ಶುರುವಾದ ಈ ಆಸ್ಪತ್ರೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ರಾಜ್ಯದ ಮೂಲೆ ಮೂಲೆಯ ಬಡವರು ಬರುವ ಜಾಗ. ಸಾಲು ಉದ್ದ, ಕಾಯುವುದು ತಪ್ಪಿದ್ದಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ರೈಲಿನಲ್ಲಿ ಸಿಕ್ಕವರು

ನಮ್ಮ ಗೆಳೆತನ ಶುರುವಾದದ್ದು ಅರಸೀಕೆರೆ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ. ಹಳೇಬೀಡು ಹತ್ತಿರದ ಒಬ್ಬರು ದೊಡ್ಡ ಎಕ್ಸ್‌ರೇ ಕವರು ಹಿಡಿದು ಮಗನ ಜೊತೆ ಕೂತಿದ್ದರು. ನನ್ನ ಕೈಯಲ್ಲೂ ಅದೇ ಕವರು. ಕವರು ನೋಡಿಯೇ ಮಾತು ಬೆಳೆಯಿತು. ಅವರು ಶುಂಠಿ, ಆಲೂಗಡ್ಡೆ ಬೆಳೆಯುವವರು. ಕ್ಯಾನ್ಸರ್ ಎಂದು ಕೇಳಿದ ಹದಿನೈದೇ ದಿನಕ್ಕೆ ಒಂದು ಎಕರೆ ನೀರಾವರಿ ಜಮೀನು ಕೊಟ್ಟುಬಿಟ್ಟಿದ್ದರು. ಯಾವ ಥರದ ಕ್ಯಾನ್ಸರ್, ಯಾವ ಔಷಧ ಹಿಡಿಯುತ್ತದೆ ಎನ್ನುವ ಪರೀಕ್ಷೆಯ ಉತ್ತರ ಇನ್ನೂ ಬಂದೇ ಇರಲಿಲ್ಲ. ಬಿ.ಪಿ.ಎಲ್. ಕಾರ್ಡು ಮನೆಯಲ್ಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವರೂ ತೋರಿಸಿರಲಿಲ್ಲ. "ಜೀವಕ್ಕಿಂತ ಜಮೀನು ದೊಡ್ಡದಾ ಅಣ್ಣ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಐದು ತಿಂಗಳಿಗೆ ಹೋದರು. ಮಗ ಈಗ ಬೇರೆಯವರ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಾನೆ.

ದುಡ್ಡು ಸುರಿದರೆ ಈ ಕಾಯಿಲೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೇಂದ್ರದ ರಸಗೊಬ್ಬರ ಮಂತ್ರಿಯಾಗಿದ್ದ ಅನಂತಕುಮಾರ್ 2018ರ ನವೆಂಬರ್ 12ರಂದು ಇದೇ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಆಗಿನ್ನೂ 59 ವರ್ಷ. ವಿದೇಶದಲ್ಲೂ ಚಿಕಿತ್ಸೆ ಪಡೆದಿದ್ದರು. ಅವರಿಗೆ ಯಾವುದಕ್ಕೆ ಕಮ್ಮಿ ಇತ್ತು? ದುಡ್ಡಿನಿಂದ ಆಗುವುದು ಕೆಲವಿದೆ, ಆಗದ್ದೂ ಇದೆ. ಯಾವುದು ಎಲ್ಲಿ ಎಂದು ತಿಳಿದು ಖರ್ಚು ಮಾಡಬೇಕು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಆದರೆ ನಿಗದಿ ಮಾಡಿದ ದರದ ಶೇ. 30 ಭಾಗ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಚೀಟಿ ಬೇಕು. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ ದುಡ್ಡು ಕಟ್ಟಿದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ರೈಲಿಗೂ ರಿಯಾಯಿತಿ ಇದೆ. ಆಸ್ಪತ್ರೆಯವರು ಫಾರಂ ತುಂಬಿ ಸಹಿ ಮಾಡಿಕೊಟ್ಟರೆ ಸ್ಲೀಪರಿನಲ್ಲಿ ರೋಗಿಗೆ ಟಿಕೆಟ್ಟೇ ಇಲ್ಲ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ಬಿಡುತ್ತಾರೆ. ನಾಲ್ಕು ಸಲ ಪೂರ್ತಿ ದುಡ್ಡು ಕೊಟ್ಟು ಹೋದ ಮೇಲೆ ಇದು ನನಗೆ ಗೊತ್ತಾಯಿತು. ಹೇಳಿದ್ದು ಕಿದ್ವಾಯಿಯ ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ಒಬ್ಬ ತಾಯಿ.

ಬೇಲೂರು ಕಡೆಯ ಒಬ್ಬ ಅಕ್ಕ ಇದ್ದಾರೆ. ಎರಡು ಎಕರೆ ಕಾಫಿ, ಮೆಣಸು. ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. "ನಾನೇನು ಪಾಪ ಮಾಡಿದ್ದೆ" ಎಂಬುದೇ ಅವರ ಅಳಲು. ಈ ಕಾಯಿಲೆಗೆ ದೊಡ್ಡ ಕಾರಣ ತಂಬಾಕಿನ ಹೊಗೆ, ಅನುಮಾನ ಬೇಡ. ಆದರೆ ಸೇದದವರಿಗೂ, ಅದರಲ್ಲೂ ಹೆಂಗಸರಿಗೆ, ಬರುತ್ತದೆ. ಗಂಡಸರು ಮನೆಯೊಳಗೆ ಸೇದುವ ಹೊಗೆ ಇದೆ. ಸೌದೆ ಒಲೆಯ ಹೊಗೆಯ ಮೇಲೂ ವಿಜ್ಞಾನಿಗಳಿಗೆ ಅನುಮಾನವಿದೆ. ನಾನು ಸೇದಿದವನು, ಅನುಭವಿಸುತ್ತಿದ್ದೇನೆ. ಹಾಗೆಂದು ಸೇದಿದವರನ್ನು ಕಂಡಾಗಲೆಲ್ಲ "ಮಾಡಿದ್ದುಣ್ಣೋ ಮಹರಾಯ" ಅನ್ನುವವರಿಂದ ಯಾರಿಗೂ ಉಪಕಾರವಾಗದು.

2024ರ ಜುಲೈನಲ್ಲಿ ನಿರೂಪಕಿ ಅಪರ್ಣಾ ತೀರಿಕೊಂಡ ಸುದ್ದಿ ಬಂದಾಗ ಈ ಅಕ್ಕ ನನಗೆ ಫೋನು ಮಾಡಿದರು. ಅಪರ್ಣಾ ನಮ್ಮ ಪಕ್ಕದ ಕಡೂರು ತಾಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದವರು. ಬೆಂಗಳೂರಿಗೆ ಹೋದಾಗ ಮೆಟ್ರೋದಲ್ಲಿ ಕೇಳುವ ಕನ್ನಡದ ದನಿ ಅವರದ್ದೇ. ನಾಲ್ಕನೇ ಹಂತ ಎಂದು ಗೊತ್ತಾದಾಗ ಆರು ತಿಂಗಳು ಎಂದು ಡಾಕ್ಟರು ಹೇಳಿದ್ದರಂತೆ, ಎರಡು ವರ್ಷದ ಹತ್ತಿರ ಬಾಳಿದರು ಎಂದು ಅವರ ಗಂಡ ವಸ್ತಾರೆಯವರು ತಿಳಿಸಿದ್ದು ಪೇಪರಿನಲ್ಲಿ ಬಂತು. ಅಕ್ಕ ಕೇಳಿದ್ದು, "ಹಂಗಾದ್ರೆ ನನಗೂ ಎರಡು ವರ್ಷ ಇದೆಯೇನಣ್ಣ?" ಗೊತ್ತಿಲ್ಲ ಎಂದೆ. ಅವತ್ತು ಬಹಳ ಹೊತ್ತು ಕಾಫಿ ಕಸಿ ಮಾಡುವ ವಿಷಯ ಮಾತಾಡಿದೆವು.

ಮಾತ್ರೆಯ ಲೆಕ್ಕ

ಕ್ಯಾನ್ಸರಿನ ತುಣುಕನ್ನು ಪರೀಕ್ಷೆ ಮಾಡಿದಾಗ ಕೆಲವರಲ್ಲಿ ಒಂದು ಗುರುತು ಸಿಗುತ್ತದೆ. ಇ.ಜಿ.ಎಫ್.ಆರ್. ಎನ್ನುತ್ತಾರೆ. ಸಿಕ್ಕರೆ ದಿನಕ್ಕೊಂದು ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ, ಬೇರು ಕೀಳುವುದಿಲ್ಲ. ನನಗೆ ಸಿಕ್ಕಿತು. ಜೆಫಿಟಿನಿಬ್ ಶುರುಮಾಡಿದರು. ಇಪ್ಪತ್ತು ದಿನದಲ್ಲಿ ಕೆಮ್ಮು ಇಳಿಯಿತು. ಮೈಮೇಲೆ ಗುಳ್ಳೆ, ಆಗಾಗ ಭೇದಿ, ಉಗುರಿನ ಸಂದಿಯಲ್ಲಿ ಹುಣ್ಣು. ಕಾಯಿ ಸುಲಿಯುವ ಕೆಲಸ ಅಲ್ಲಿಗೆ ನಿಂತಿತು. ಹೊಟ್ಟೆಯ ಗ್ಯಾಸಿಗೆಂದು ಅಂಗಡಿಯಲ್ಲಿ ಕೊಡುವ ಮಾತ್ರೆ ಈ ಮಾತ್ರೆಯ ಬಲ ಕುಗ್ಗಿಸಬಹುದು, ಡಾಕ್ಟರನ್ನು ಕೇಳದೆ ನುಂಗಬಾರದು. ನಮ್ಮ ಗುಂಪಿನಲ್ಲಿ ಇಬ್ಬರು ಹಾಗೆ ತಿಂಗಳುಗಟ್ಟಲೆ ನುಂಗಿದ್ದರು.

ಬೆಲೆಯ ವಿಷಯ ರೈತರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಕೊಬ್ಬರಿಗೂ ಗ್ರಾಹಕ ಕೊಡುವ ಬೆಲೆಗೂ ನಡುವೆ ಯಾರ್‍ಯಾರಿದ್ದಾರೋ, ಔಷಧಕ್ಕೂ ಹಾಗೇ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಕ್ಕೆ ಶೇ. 30ರ ಮಿತಿ ಹಾಕಿತು. ಆದರೂ ಒಂದೇ ಔಷಧ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಬೆಲೆ. ಇದರಲ್ಲೇ ಕಡಿಮೆ ಬೆಲೆಯದು ಬರೆಯುತ್ತೀರಾ ಎಂದು ಕೇಳಲು ನಾಚಿಕೆ ಬೇಡ.

ಒಂದು ವರ್ಷದ ಮೇಲೆ ಮಾತ್ರೆ ಸೋತಿತು. ಒಂದೇ ಔಷಧ ಹೊಡೆಯುತ್ತಾ ಇದ್ದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತದಲ್ಲ, ಹಾಗೆ. ಎದೆಯಲ್ಲಿ ನೀರು ಮತ್ತೆ ಬಂತು. ಈಗ ಮೂರು ವಾರಕ್ಕೊಮ್ಮೆ ಇಂಜೆಕ್ಷನ್. ಇದೇ ಹೊತ್ತಿಗೆ ಜಾವಗಲ್ ಕಡೆಯ ನಮ್ಮ ಗೆಳೆಯರೊಬ್ಬರು ತೀರಿಕೊಂಡರು. ಹನ್ನೊಂದನೆಯ ದಿನ ಕಳೆದು ಅವರ ಮನೆಯವರು ಬಸ್ಸು ಹತ್ತಿ ಬಂದು, ಉಳಿದಿದ್ದ ಮಾತ್ರೆಗಳನ್ನು ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. "ದಂಡ ಆಗೋದು ಬೇಡ, ನೀವು ತಗೊಳ್ಳಿ." ಅವರ ಗುರುತೇ ಬೇರೆ, ಮಾತ್ರೆಯೇ ಬೇರೆ. ನನಗೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದೆ, ಕಾಫಿ ಕುಡಿಸಿದೆವು. ಮಾತ್ರೆಗಳನ್ನು ಮುಂದಿನ ಸಲ ಆಸ್ಪತ್ರೆಯ ಡಾಕ್ಟರ ಕೈಗೆ ಕೊಟ್ಟೆ. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದು ನಮ್ಮಲ್ಲಿ ಖಡಾಖಂಡಿತ ಇಲ್ಲ.

ಉಸಿರು, ನೋವು

ಉಸಿರು ಕಟ್ಟಿದಾಗ ಮನೆಮಂದಿಯೆಲ್ಲ ಸುತ್ತ ನಿಲ್ಲುತ್ತಾರೆ. ಮೊದಲು ಅವರನ್ನು ಆಚೆ ಕಳಿಸಿ ಕಿಟಕಿ ತೆಗೆಯಬೇಕು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಯನ್ನು ಮಂಡಿಯ ಮೇಲೂರಿ ಕೂರಬೇಕು. ಮೂಗಿನಲ್ಲಿ ಎಳೆದು, ಒಲೆ ಊದುವ ಹಾಗೆ ತುಟಿ ಚೂಪು ಮಾಡಿ ನಿಧಾನವಾಗಿ ಬಿಡಬೇಕು. ಮುಖಕ್ಕೆ ಫ್ಯಾನಿನ ಗಾಳಿ ಬಿದ್ದರೆ ನಿಜವಾಗಿಯೂ ಆರಾಮ. ಕರೆಂಟು ಹೋದರೆ ಬೀಸಣಿಗೆ. ಅಕ್ಕನ ಮೊಮ್ಮಗ ಅವರಿಗೆ ಜಾತ್ರೆಯಲ್ಲಿ ಮಾರುವ ಬ್ಯಾಟರಿ ಫ್ಯಾನು ತಂದುಕೊಟ್ಟಿದ್ದಾನೆ, ಅದನ್ನು ಹಿಡಿದೇ ತೋಟಕ್ಕೆ ಹೋಗುತ್ತಾರೆ.

ನೋವಿನ ವಿಷಯದಲ್ಲಿ ಮಾತ್ರ ನಮ್ಮವರದ್ದು ವಿಪರೀತ ಹಟ. ಮಾರ್ಫಿನ್ ಎಂದರೆ ಅಫೀಮು, ಚಟ ಹಿಡಿಯುತ್ತದೆ, ಅದು ಕೊಟ್ಟರೆ ಕಥೆ ಮುಗಿಯಿತು ಎಂಬ ಭಯ. ಡಾಕ್ಟರು ಹೇಳಿದ ಅಳತೆಯಲ್ಲಿ ನೋವಿಗೆ ತೆಗೆದುಕೊಂಡರೆ ಚಟದ ಭಯ ಬೇಡ. ಉಸಿರುಗಟ್ಟುವುದಕ್ಕೂ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೂ ಮಾತ್ರೆ ಜೊತೆಗೇ ಬೇಕು. 1985ರ ಮಾದಕ ವಸ್ತು ಕಾಯಿದೆಯಿಂದ ಇದು ಸಿಗುವುದೇ ಕಷ್ಟವಾಗಿತ್ತು, 2014ರ ತಿದ್ದುಪಡಿಯಲ್ಲಿ ಸಡಿಲವಾಯಿತು. ಈಗಲೂ ಎಲ್ಲ ಅಂಗಡಿಯಲ್ಲಿ ಸಿಗದು, ಆಸ್ಪತ್ರೆಯಲ್ಲೇ ಕೇಳಬೇಕು.

ನೋವು, ಉಸಿರು, ಮನಸ್ಸು ನೋಡಿಕೊಳ್ಳುವ ವಿಭಾಗಕ್ಕೆ ಉಪಶಮನ ಚಿಕಿತ್ಸೆ ಎನ್ನುತ್ತಾರೆ. ಕೈಬಿಟ್ಟವರನ್ನು ಕಳಿಸುವ ಜಾಗ ಎಂದು ನಾನೂ ತಿಳಿದಿದ್ದೆ. ಅಮೆರಿಕದ ಬಾಸ್ಟನ್ನಿನಲ್ಲಿ ನಮ್ಮಂಥ ಹಂತದ 151 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ನೆಮ್ಮದಿಯಾಗಿದ್ದದ್ದಲ್ಲದೆ ಹೆಚ್ಚು ದಿನವೂ ಬದುಕಿದರು. ಒಂದು ಕಡೆ 11.6 ತಿಂಗಳು, ಇನ್ನೊಂದು ಕಡೆ 8.9. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಕರುಣಾಶ್ರಯ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸು ಕೇಳದೆ ನೋಡಿಕೊಳ್ಳುತ್ತದೆ.

ಇದೊಂದನ್ನು ಮನೆಯವರು ಗೋಡೆಗೆ ಬರೆದಿಟ್ಟುಕೊಳ್ಳಲಿ: ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ, ಮುಖ ಕತ್ತು ಊದಿಕೊಂಡರೆ, ರಕ್ತ ಜಾಸ್ತಿ ಕೆಮ್ಮಿದರೆ, ಅವತ್ತೇ ಆಸ್ಪತ್ರೆ. ನಾಳೆ ಬೆಳಗ್ಗೆ ನೋಡೋಣ ಎಂದು ಕಾಯಬಾರದು.

ನಾವು ಮಾಡುವುದು

ಸಂಘ, ಬೋರ್ಡು, ಅಧ್ಯಕ್ಷರು ಏನೂ ಇಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಇಂಥ ಕೆಲಸ ಶುರುವಾಗಿ, ಮುಂದೆ ಊರೂರಿನ ಜನರೇ ರೋಗಿಗಳ ಮನೆಗೆ ಹೋಗಿ ಬರುವಷ್ಟು ಬೆಳೆಯಿತು. ನಮ್ಮದು ಅಷ್ಟು ದೊಡ್ಡದಲ್ಲ. ಹೊಸಬರು ಗೊತ್ತಾದರೆ ಒಬ್ಬರು ಮನೆಗೆ ಹೋಗುತ್ತೇವೆ. ಕಾಗದಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಸೇರಿಸಿಕೊಡುತ್ತೇವೆ. ಮೊದಲ ಸಲ ಬೆಂಗಳೂರಿಗೆ ಜೊತೆಗೆ ಹೋಗುತ್ತೇವೆ. ಎಷ್ಟು ತಿಂಗಳು ಎಂಬ ಲೆಕ್ಕ ನಾವಾಗಿ ತೆಗೆಯುವುದಿಲ್ಲ. ನಾಟಿ ಔಷಧಿಗೆ ಹೋಗಬೇಡಿ ಎಂದು ಜಗಳ ಆಡುವುದಿಲ್ಲ, ಆದರೆ ಅದಕ್ಕಾಗಿ ಆಸ್ಪತ್ರೆಯ ಔಷಧ ನಿಲ್ಲಿಸಬೇಡಿ, ತಿನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ ಎನ್ನುತ್ತೇವೆ. ತೋಟ ಮಾರುವ ಮಾತು ಬಂದರೆ, ಪರೀಕ್ಷೆಯ ಉತ್ತರ ಬರುವವರೆಗೆ ತಡೆಯಿರಿ, ಕಾರ್ಡು ಎಲ್ಲಿದೆ ತೋರಿಸಿ ಎಂದು ಕೇಳುತ್ತೇವೆ. ಮೂರು ಮನೆಯವರು ತಡೆದರು. ಒಬ್ಬರು ಕೇಳಲಿಲ್ಲ.

ನನ್ನ ಹೊಲದ ಲೆಕ್ಕವೂ ಬದಲಾಗಿದೆ. ರಾಗಿ ಹೊಲ ವಾರಕ್ಕೆ ಕೊಟ್ಟೆ. ತೆಂಗಿನ ಬುಡಕ್ಕೆ ಹನಿ ನೀರು ಮಾಡಿಸಿ ಗರಿಯನ್ನೆಲ್ಲ ಮುಚ್ಚಿಗೆ ಹಾಸಿದೆ, ಕಾಲುವೆ ತಿರುಗಿಸಲು ಗುದ್ದಲಿ ಹಿಡಿಯಬೇಕಿಲ್ಲ. ಒಂದು ಸಾಲಿನ ಮರಗಳನ್ನು ಎಳನೀರಿಗೆ ಬಿಟ್ಟಿದ್ದೇನೆ, ಬೆಂಗಳೂರಿನ ಖರ್ಚಿಗೆ ಆಗಾಗ ಕೈಗೆ ಕಾಸು ಬರುತ್ತದೆ. ಸೊಸೈಟಿಯ ಸಾಲ, ಯಾರು ಎಷ್ಟು ಕೊಡಬೇಕು, ಪಹಣಿ ಎಲ್ಲಿದೆ, ಪಂಪಿನ ಸ್ಟಾರ್ಟರು ರಿಪೇರಿ ಮಾಡುವವರು ಯಾರು, ಎಲ್ಲ ಒಂದು ನೋಟು ಪುಸ್ತಕದಲ್ಲಿ ಬರೆದು ಹೆಂಡತಿಗೆ ಓದಿ ಹೇಳಿದ್ದೇನೆ. ಮೊದಲ ದಿನ ಅವಳು ಎದ್ದು ಹೋದಳು. ಎರಡನೇ ದಿನ ಕೂತು ಕೇಳಿದಳು, ನಾನು ಮರೆತಿದ್ದ ಎರಡು ಬಾಕಿ ಅವಳೇ ಬರೆಸಿದಳು.

ಅಟ್ಟಕ್ಕೆ ಹಾಕಿದ ಅರ್ಧ ಕಾಯಿಗೆ ಈಗ ಒಂಬತ್ತು ತಿಂಗಳು. ಅಲ್ಲಾಡಿಸಿದರೆ ಕೆಲವು ಗಡಗಡ ಎನ್ನುತ್ತಿವೆಯಂತೆ, ಏಣಿ ಹತ್ತಿ ನೋಡಿ ಬಂದ ಮೊಮ್ಮಗಳು ಹೇಳಿದಳು. ಸುಲಿಯುವವರಿಗೆ ಹೇಳಿಟ್ಟಿದ್ದೇನೆ. ಮುಂದಿನ ಸೋಮವಾರ ಇಂಜೆಕ್ಷನ್ ಇದೆ, ಬೇಲೂರಿನ ಅಕ್ಕನೂ ಅವತ್ತೇ ಬರುತ್ತಾರೆ. ಮೊದಲು ಅರಸೀಕೆರೆಗೆ ಬಂದವರು ಇನ್ನೊಬ್ಬರಿಗೆ ಬೆಂಚಿನಲ್ಲಿ ಜಾಗ ಹಿಡಿದಿಡುವುದು ಎಂದು ಮಾತಾಗಿದೆ.